ಡಬ್ಬ್ಯಾಗಿನ ಆಟ, ಗಾಳ್ಯಾಗಿನ ಆಟ

ಹೋದ ಸಲ ರಂಜಕದ ಬಗ್ಗೆ ಬರದಿದ್ದೆ. ಓದಿದವರು ಮೆಣಸಿನಕಾಯಿ ಎಷ್ಟು, ಉಪ್ಪು ಎಷ್ಟು ಅಂತ ಕೇಳ್ತಾರ ಅಂದ್ಕೊಂಡ್ರ, ನವನಗರದ ವೈನಿಯೊಬ್ಬರು ಬ್ಯಾರೇನ ಕೇಳ್ಯಾರ ನೋಡ್ರಿ. ಅವರ ಮಗ ಹತ್ತನೇತ್ತ ಪಾಸಾಗ್ಯಾನ. ಟೀವಿಗೆ ಹಚ್ಚಿ ಆಡೋ ಮಷೀನು ಮನ್ಯಾಗ ಮೊದಲ ಐತಿ, ಈಗ ಅದಕ್ಕ ಹೊಸದೊಂದು ಆಟ ಬೇಕಂತ. ಕಿಮ್ಮತ್ತು ಹತ್ರ ಹತ್ರ ಐದು ಸಾವಿರ ರೂಪಾಯಿ. "ಅಂಗಡ್ಯಾಗ ಡಬ್ಬಿ ತಗೊಂಡ್ರೂ ಅಷ್ಟ ರೊಕ್ಕ, ಮನ್ಯಾಗ ಕುಂತು ನೆಟ್ಟಿನಿಂದ ಇಳಿಸ್ಕೊಂಡ್ರೂ ಅಷ್ಟ ರೊಕ್ಕ. ಡಬ್ಬಿ ಇಲ್ಲ, ಸಿಡಿ ಇಲ್ಲ, ಲಾರಿ ಬಾಡಗಿ ಇಲ್ಲ, ಮತ್ಯಾಕ ಸೋವಿ ಇಲ್ಲ? ಯಾವುದು ತಗೋಬೇಕು, ನೀವ ಹೇಳ್ರಿ" ಅಂತ ಕೇಳ್ಯಾರ.

ಐದು ಸಾವಿರ ಅಂದ್ರ ನಮ್ಮಂಥ ಮನಿಗೆ ಸಣ್ಣ ಮಾತಲ್ಲ. ತಿಂಗಳ ಕಿರಾಣಿ ಸಾಮಾನು ಬರತೈತಿ, ಛಲೋ ಒಂದು ಇಳಕಲ್ ಸೀರಿ ಬರತೈತಿ. ಹುಡುಗುರ ಆಟದ ಮಾತು ಅಂತ ಗಂಡಸರು ಕೈಬಿಡ್ತಾರ, ರೊಕ್ಕ ತಗದು ಕೊಡೋದು ಮಾತ್ರ ಕಡೀಕ ನಮ್ಮ ಡಬ್ಬಿಯಿಂದನ. ನಮ್ಮ ಮನ್ಯಾಗೂ ಇಬ್ಬರು ಹುಡುಗುರು ಅದಾರ, ಹಂಗಾಗಿ ಈ ವಿಚಾರ ನಾ ಹುಡುಕಿ ಓದೇನಿ. ಒಂದ ಮಾತಿನ್ಯಾಗ ಉತ್ತರ ಹೇಳಬಹುದಿತ್ತು. ಆದ್ರ ಆಟ ಕೊಳ್ಳೋದು ಅಂದ್ರೇನು ಅನ್ನೋದರ ಇತಿಹಾಸ ಗೊತ್ತಾದ್ರ ಉತ್ತರ ನೀವ ಹೇಳ್ತೀರಿ. ಅದಕ್ಕ ಮೊದಲಿನಿಂದ ಹೇಳ್ತೀನಿ.

ಆಟಕ್ಕ ರೊಕ್ಕ ಇಲ್ಲದ ಕಾಲ

ನಮ್ಮ ಆಯಿ ಕಾಲದಾಗ ಆಟ ಕೊಳ್ಳೋದು ಅನ್ನೋ ಮಾತ ಇರಲಿಲ್ರಿ. ಚೌಕಾಬಾರಾ ಆಡಬೇಕಂದ್ರ ಕಟ್ಟಿ ಮ್ಯಾಲ ಇದ್ದಿಲಿನಿಂದ ಐದು ಮನಿ ಉದ್ದ, ಐದು ಮನಿ ಅಗಲ ಗೆರಿ ಹೊಡದ್ರ ಆತು. ಕವಡಿ ಇದ್ರ ಕವಡಿ, ಇಲ್ಲಂದ್ರ ಹುಣಸಿಬೀಜ ಒಂದು ಮಗ್ಗಲು ಕಲ್ಲಿಗೆ ತಿಕ್ಕಿ ಬೆಳ್ಳಗ ಮಾಡ್ಕೊಂಡ್ರ ಮುಗೀತು. ಕಾಯಿಗೆ ಒಬ್ಬಾಕಿ ಬಳಿಚೂರು, ಇನ್ನೊಬ್ಬಾಕಿ ಕಡ್ಲಿಕಾಳು. ಪಂಚಮಿ ಹಬ್ಬಕ್ಕ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ ದಣದ ಮ್ಯಾಲ ಉಂಡಿ ತಿನಕೋತ ಆಡಿದ್ದು ಇದನ್ನ. ಪಗಡಿಗೆ ಅಷ್ಟ ಅರಿಬಿ ಹಾಸು, ಕಟಗಿ ಕಾಯಿ ಬೇಕಾಗತಿದ್ದವು. ಒಮ್ಮೆ ಮಾಡಿಸಿದ್ರ ಮೂರು ತಲಿ ಬರತಿತ್ತು.

ಇದು ಬರೇ ಬಡವರ ಆಟ ಅಂದ್ಕೋಬ್ಯಾಡ್ರಿ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಬರಿಸಿದ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥದಾಗ, ಅಂದ್ರ 12ನೇ ಶತಮಾನದಾಗ, ರಾಜನ ವಿನೋದಗಳ ಸಾಲಿನ್ಯಾಗ ದಾಳದ ಆಟ, ಕವಡಿ ಆಟ, ಚದುರಂಗ ಎಲ್ಲಾ ಬರತಾವ. ಹಂಪಿಗೆ ಹೋದವರು ಕಲ್ಲಿನ ನೆಲದ ಮ್ಯಾಲ ಕೊರದ ಆಟದ ಮನಿಗಳನ್ನ ನೋಡಿರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಾಗ ಹೊಸ ಹೊಸ ಹಾಸಿನ ಆಟ ತಾವ ಕಟ್ಟಿದ್ರು. ಅವರ ಶ್ರೀತತ್ತ್ವನಿಧಿಯಾಗ ಆಟಗಳ ಸಲುವಾಗಿನ ಒಂದು ಭಾಗ ಐತಿ, ಅದಕ್ಕ ಕೌತುಕನಿಧಿ ಅಂತ ಹೆಸರು.

ಇಲ್ಲಿ ಒಂದು ಮಾತು ಲಕ್ಷ್ಯದಾಗ ಇಟ್ಕೋರಿ, ಮುಂದ ಬೇಕಾಗತೈತಿ. ಆಗ ಆಟ ಅಂದ್ರ ಎರಡು ಭಾಗ. ಒಂದು ಸಾಮಾನು, ಅಂದ್ರ ಹಾಸು, ಕವಡಿ, ಕಾಯಿ. ಇನ್ನೊಂದು ಆಡೋ ರೀತಿ. ಸಾಮಾನು ನಿಮ್ಮದು, ರೀತಿ ಎಲ್ಲಾರದು. ಚೌಕಾಬಾರಾ ಆಡಾಕ ಯಾರ ಪರವಾನಗಿಯೂ ಬೇಕಾಗಿರಲಿಲ್ಲ.

ಕ್ಯಾಸೆಟ್ ಬಂದ ಕಾಲ

ಟೀವಿಗೆ ಹಚ್ಚಿ ಮನ್ಯಾಗ ಆಡೋ ಮೊದಲನೇ ಮಷೀನು 1972ರಾಗ ಅಮೆರಿಕಾದಾಗ ಬಂತು. ಮ್ಯಾಗ್ನಾವಾಕ್ಸ್ ಒಡಿಸ್ಸಿ ಅಂತ ಅದರ ಹೆಸರು, ಕಿಮ್ಮತ್ತು ನೂರು ಡಾಲರ್ ಹತ್ರ. ಅದರ ಡಬ್ಬ್ಯಾಗ ಏನೇನಿತ್ತು ಕೇಳಿದ್ರ ನಗು ಬರತೈತಿ. ದಾಳ ಇದ್ದವು, ಇಸ್ಪೀಟಿನಂಥ ಎಲಿ ಇದ್ದವು, ಆಟದ ರೊಕ್ಕ ಇತ್ತು, ಟೀವಿ ಗಾಜಿನ ಮ್ಯಾಲ ಅಂಟಿಸೋ ಬಣ್ಣದ ಪ್ಲಾಸ್ಟಿಕ್ ಹಾಳಿ ಇದ್ದವು. ಯಾಕಂದ್ರ ಆ ಮಷೀನಿಗೆ ಬಿಳಿ ಚುಕ್ಕಿ, ಗೆರಿ ಬಿಟ್ರ ಬ್ಯಾರೆ ಏನೂ ತೋರಸಾಕ ಬರತಿರಲಿಲ್ಲ. ಅರ್ಧ ಟೀವಿ ಆಟ, ಅರ್ಧ ನಮ್ಮ ಪಗಡಿ ಅಂದ್ರ ತಪ್ಪಿಲ್ಲ.

1983ರಾಗ ಜಪಾನಿನ ನಿಂಟೆಂಡೊ ಕಂಪನಿ ಕೆಂಪು ಬಿಳಿ ಬಣ್ಣದ ಮಷೀನು ಮಾಡ್ತು. ಅದಕ್ಕ ಆಟದ ಕ್ಯಾಸೆಟ್ ಬ್ಯಾರೆ ಬ್ಯಾರೆ. ನಮ್ಮ ದೇಶಕ್ಕ ಅದು ಸಮುರಾಯ್ ಅನ್ನೋ ಹೆಸರಿನ್ಯಾಗ ಬಂತು. ಅದರ ಬೆನ್ನಿಗೆ ಅದನ್ನ ನೋಡಿ ಮಾಡಿದ ಎಷ್ಟೋ ಅಗ್ಗದ ಮಷೀನು ಬಂದವು. ಇನ್ನೊಂದು ಕಂಪನಿ ಸೇಗಾ. ಅದರ ಮೆಗಾ ಡ್ರೈವ್ ಅನ್ನೋ ಮಷೀನನ್ನ 1990ರ ದಶಕದ ನಡುವಿನ್ಯಾಗ ನಮ್ಮಲ್ಲಿ ಮಾರಿದ್ದು ಶಾ ವಾಲೇಸ್. ಕಿಮ್ಮತ್ತು 18,000 ರೂಪಾಯಿ. ಆಗಿನ 18,000 ಅಂದ್ರ ನೋಡ್ರಿ, ಎಷ್ಟೋ ಮಂದಿ ನೌಕರದಾರರ ಆರು ತಿಂಗಳ ಪಗಾರ. ಹೊರಗಿನ ಸಾಮಾನಿಗೆ ಸರಕಾರದ ಸುಂಕ ಆಗ ಶೇಕಡಾ 80ರ ಮಟ ಇತ್ತು. ಹಂಗಾಗಿ ಅಸಲಿ ಮಷೀನು ದೊಡ್ಡ ಊರಿನ ದೊಡ್ಡವರ ಮನಿಗೆ ಹೋತು, ನಮ್ಮ ಕಡೆ ಬಂದದ್ದು ನಕಲಿ.

ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಮಷೀನು ಇತ್ತು. ಸೂಟಿ ಬಂದ್ರ ಆ ಮನಿ ಪಡಸಾಲ್ಯಾಗ ಕಾಲಿಡಾಕ ಜಾಗ ಇರತಿರಲಿಲ್ಲ. ಹಳದಿ ಬಣ್ಣದ ಕ್ಯಾಸೆಟ್, ಮ್ಯಾಲ ಸಾವಿರಗಟ್ಟಲೆ ಆಟ ಅಂತ ಬರದಿರತಿತ್ತು, ಒಳಗ ಹತ್ತೋ ಇಪ್ಪತ್ತೋ ಆಟ ತಿರುಗಿ ತಿರುಗಿ ಬರತಿದ್ದವು. ನಡೀಲಿಲ್ಲಂದ್ರ ಹೊರಗ ತಗದು ಉಫ್ ಅಂತ ಊದಿ ಮತ್ತ ಹಾಕೋದು. ಬಾಗಲಕೋಟಿ ಹುಡುಗನ ಕ್ಯಾಸೆಟ್ ಸೂಟ್ಯಾಗ ಇಳಕಲ್ಲಿನ ಸೋದರಮಾವನ ಮನಿಗೆ ಹೋಗೋದು, ಅಲ್ಲಿಂದ ಹುನಗುಂದದ ಗೆಳ್ಯಾನ ಮನಿಗೆ, ಶಾಲಿ ಸುರು ಆಗೂದರಾಗ ತಿರುಗಿ ಬರೋದು. ಒಂದು ಕ್ಯಾಸೆಟ್ಟಿನ್ಯಾಗ ನಾಕು ಮನಿ ಹುಡುಗುರು ಆಡತಿದ್ರು. ಮಷೀನು ಇಲ್ಲದವರಿಗೆ ತಾಸಿನ ಲೆಕ್ಕದಾಗ ಆಡಿಸೋ ಸಣ್ಣ ಅಂಗಡಿ ಇದ್ದವು. ಬಾದಾಮಿ ಬನಶಂಕರಿ ಜಾತ್ರಿಗೆ ಹೋದ್ರ ಕೈಯಾಗ ಹಿಡದು ಇಟ್ಟಂಗಿ ಬೀಳಿಸೋ ಬ್ರಿಕ್ ಗೇಮ್ ಸಿಗತಿತ್ತು. ದೊಡ್ಡವರು ಬಾಗಲಾ ಚೌಕಟ್ಟಿನ ವ್ಯಾಪಾರ ಮಾಡೋದರಾಗ ಸಣ್ಣವರು ಅದಕ್ಕ ಹಟ ಹಿಡೀತಿದ್ರು.

ಆ ಕ್ಯಾಸೆಟ್ ತುಟ್ಟಿ ಇತ್ತೋ ಸೋವಿ ಇತ್ತೋ ಅನ್ನೋ ಲೆಕ್ಕ ಹೆಂಗ ಮಾಡಬೇಕು? ಒಂದು ಮನಿಯವರು ಕೊಟ್ಟ ರೊಕ್ಕ ನೋಡಿದ್ರ ತುಟ್ಟಿ. ನಾಕು ಮನಿ ಹುಡುಗುರ ಲೆಕ್ಕ ಹಿಡದ್ರ ಭಾಳ ಸೋವಿ. ಬ್ಯಾಸರ ಬಂದ್ರ ಅದಲು ಬದಲು ಮಾಡ್ಕೊಳ್ಳೋದು, ಅರ್ಧ ರೇಟಿಗೆ ಮಾರೋದು ಇತ್ತು. ನಮ್ಮ ಸೀರಿ ಇದ್ದಂಗ ಅದು. ಉಟ್ಟು ಹಳೇದಾದ ಮ್ಯಾಲ ತಂಗಿ ಉಡತಾಳ, ಇನ್ನೂ ಹಳೇದಾದ್ರ ಸ್ಟೀಲ್ ಪಾತ್ರಿಯವಳಿಗೆ ಕೊಡ್ತೀವಿ, ಇಲ್ಲಾ ಕೌದಿ ಹೊಲೀತೀವಿ. ಕೊಟ್ಟ ರೊಕ್ಕದಾಗ ಸ್ವಲ್ಪ ತಿರುಗಿ ಮನಿಗೆ ಬರತೈತಿ.

ಸಿಡಿ ಕೀಲಿಕೈ ಆದದ್ದು

ಆಮ್ಯಾಲೆ ಕಂಪ್ಯೂಟರ್ ಬಂತು, ಸಿಡಿ ಬಂತು. ಅಸಲಿ ಸಿಡಿ ಸಾವಿರ ರೂಪಾಯಿ ಹತ್ರ ಇದ್ರ ನಕಲಿದು ಐವತ್ತಕ್ಕೋ ನೂರಕ್ಕೋ ರಸ್ತಾದ ಮ್ಯಾಲ ಸಿಗತಿತ್ತು. ಯಾರು ಯಾವುದು ತಗೊಂಡ್ರು ಅಂತ ನಿಮಗ ಗೊತ್ತ ಐತಿ, ಬಿಡಿಸಿ ಹೇಳೂದು ಬ್ಯಾಡ. ಕಂಪನಿಗಳಿಗೆ ಇದು ದೊಡ್ಡ ತಲಿನೋವು ಆತು.

ಅಮೆರಿಕಾದ ವಾಲ್ವ್ ಅನ್ನೋ ಕಂಪನಿ 2003ರಾಗ ಸ್ಟೀಮ್ ಅನ್ನೋದನ್ನ ಸುರು ಮಾಡ್ತು. ಅದು ಇಂಟರ್ನೆಟ್ಟಿನ ಮ್ಯಾಲಿನ ಆಟದ ಅಂಗಡಿ ಅಂತ ಈಗ ಎಲ್ಲಾರಿಗೂ ಗೊತ್ತು. ಮೊದಲ ಅದು ಆಟಕ್ಕ ರಿಪೇರಿ ತುಣುಕು ಕಳಿಸೋ ವ್ಯವಸ್ಥಾ ಅಷ್ಟ ಇತ್ತು. 2004ರಾಗ ಅವರ ಹಾಫ್ ಲೈಫ್ 2 ಅನ್ನೋ ಆಟ ಬಂತು. ಅದನ್ನ ಅಂಗಡ್ಯಾಗ ಡಬ್ಬಿ ಸಮೇತ ತಗೊಂಡವರೂ ಸ್ಟೀಮಿನ್ಯಾಗ ಖಾತೆ ತಗದು ನೋಂದಣಿ ಮಾಡಿಸಬೇಕಾತು, ಇಲ್ಲಂದ್ರ ಆಟ ಸುರು ಆಗೂದಿಲ್ಲ. ಒಮ್ಮೆ ಒಬ್ಬರ ಖಾತೆಗೆ ಸೇರಿತಂದ್ರ ಆ ಸಿಡಿ ಇನ್ನೊಬ್ಬರಿಗೆ ಉಪಯೋಗ ಇಲ್ಲ.

ನನಗ ಕೇಳಿದ್ರ ಆಟದ ಇತಿಹಾಸ ತಿರುಗಿದ್ದು ಇಲ್ಲಿ. ಸಿಡಿ ಕೈಯಾಗ ಇತ್ತು, ಆದ್ರ ಆಟ ಸಿಡಿಯಾಗ ಇರಲಿಲ್ಲ. ಸಿಡಿ ಬರೇ ಕೀಲಿಕೈ ಆತು, ಕೀಲಿ ಕಂಪನಿ ಮನ್ಯಾಗ ಉಳೀತು. ಕಂಪ್ಯೂಟರ್ ಆಟದ ಸಿಡಿ ಕ್ರಮೇಣ ಅಂಗಡಿಯಿಂದ ಕಾಣೆಯಾತು. ಟೀವಿಗೆ ಹಚ್ಚೋ ಮಷೀನಿನ್ಯಾಗ ಅಷ್ಟ ಸಿಡಿ ಉಳೀತು.

2013ರಾಗ ಅದಕ್ಕೂ ಕೈ ಹಾಕಿದ್ರು. ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ ಒನ್ ತರಬೇಕಾದ್ರ, ಸಿಡಿ ತಗೊಂಡ್ರೂ ಖಾತೆಗೆ ಜೋಡಿಸಬೇಕು, ಕೊಟ್ಟು ತಗೊಳ್ಳಾಕ, ಮಾರಾಕ ಕಟ್ಟಳೆ ಇರತಾವ ಅಂತ ಹೇಳ್ತು. ಜನ ಸಿಟ್ಟಿಗೆದ್ರು. ಆಗ ಅವರ ಎದುರಾಳಿ ಸೋನಿ ಒಂದು ಸಣ್ಣ ವಿಡಿಯೋ ಬಿಟ್ಟಿತು: ಗೆಳ್ಯಾನ ಜೋಡಿ ಆಟ ಹಂಚ್ಕೊಳ್ಳೋದು ಹೆಂಗ? ಒಬ್ಬಾಂವ ಡಬ್ಬಿ ಕೈಯಾಗ ಕೊಡ್ತಾನ, ಇನ್ನೊಬ್ಬಾಂವ ತಗೋತಾನ. ಮುಗೀತು. ಅರ್ಧ ನಿಮಿಷ ಸುದ್ಧಾ ಇರಲಿಲ್ಲ ಆ ವಿಡಿಯೋ. ಅದ ಜೂನ್ ತಿಂಗಳದಾಗ ಮೈಕ್ರೋಸಾಫ್ಟ್ ತನ್ನ ಕಟ್ಟಳೆ ತಿರುಗಿ ತಗೊಂಡಿತು. ನಮ್ಮ ಓಣಿ ಹುಡುಗುರು ಹಳದಿ ಕ್ಯಾಸೆಟ್ ಹೆಂಗ ಕೊಟ್ಟು ತಗೋತಿದ್ರೋ ಆ ರೂಢಿಯನ್ನ ಉಳಿಸ್ಕೊಳ್ಳಾಕ ಜಗತ್ತಿನ ಮಂದಿ ಜಗಳ ಮಾಡಿದ್ರು ಅಂತ ತಿಳೀರಿ.

ಹಂಗಾದ್ರ ಸೋವಿ ಯಾಕಿಲ್ಲ?

ಈಗ ವೈನಿಯವರ ಪ್ರಶ್ನೆಗೆ ಬರೋಣ. ಸೋನಿಯ ಪ್ಲೇಸ್ಟೇಷನ್ 5 ನಮ್ಮ ದೇಶಕ್ಕ 2021ರ ಫೆಬ್ರುವರಿ 2ಕ್ಕ ಬಂತು. ಸಿಡಿ ಹಾಕೋ ಮಷೀನಿಗೆ 49,990 ರೂಪಾಯಿ, ಸಿಡಿ ಹಾಕಾಕ ಬರದ, ಬರೇ ಇಳಿಸ್ಕೊಂಡು ಆಡೋ ಮಷೀನಿಗೆ 39,990 ಅಂತ ಕಿಮ್ಮತ್ತು ಸಾರಿದ್ರು. ಸಿಡಿ ಹಾಕೋ ಒಂದು ಸೀಳಿಗೆ ಹತ್ತು ಸಾವಿರ ಫರಕು. ಹೊಸದಾಗಿ ಬಂದ ಅವರ ದೊಡ್ಡ ಆಟಕ್ಕ ಆಗ 4,999 ಇತ್ತು.

ಇಳಿಸ್ಕೊಳ್ಳೋ ಆಟಕ್ಕ ಡಬ್ಬಿ ಖರ್ಚಿಲ್ಲ, ಸಾಗಿಸೋ ಖರ್ಚಿಲ್ಲ ಅನ್ನೋದು ಖರೆ. ಆದ್ರ ಕಿಮ್ಮತ್ತು ಖರ್ಚಿನ ಮ್ಯಾಲ ನಿಲ್ಲೂದಿಲ್ಲ, ಯಾರ ಕೈಯಾಗ ಮಾರೋ ಜಾಗ ಐತಿ ಅನ್ನೋದರ ಮ್ಯಾಲ ನಿಲ್ಲತೈತಿ. ಇದನ್ನ ನಮಗ ಸಂತಿ ಕಲಿಸೈತಿ. ಹತ್ತು ಮಂದಿ ಬದನಿಕಾಯಿ ಇಟ್ಕೊಂಡು ಕುಂತ್ರ ಹೊತ್ತು ಮುಳುಗೋದರಾಗ ರೇಟು ಇಳೀತೈತಿ. ಒಬ್ಬಾಕೀನ ಕುಂತಿದ್ರ ಆಕಿ ಹೇಳಿದ್ದ ರೇಟು. ಸಿಡಿ ಆಟ ಹತ್ತು ಅಂಗಡ್ಯಾಗ ಸಿಗತೈತಿ. ಗೋದಾಮಿನ್ಯಾಗ ಉಳದ್ರ ಅಂಗಡಿಯಾಂವ ಜಾಗ ಖಾಲಿ ಆಗಲಿ ಅಂತ ರೇಟು ಇಳಸ್ತಾನ. ಮಷೀನಿನ ಒಳಗ ಇರೋ ಅಂಗಡಿ ಮಾತ್ರ ಒಂದ, ಅದೂ ಮಷೀನು ಮಾಡಿದವರದ್ದ. ಅಲ್ಲಿ ಮಾಲು ಕೊಳೆಯೂದಿಲ್ಲ, ಜಾಗ ತುಂಬೂದಿಲ್ಲ, ಹಂಗಾಗಿ ಇಳಿಸೋ ಅವಸರ ಇಲ್ಲ. ಮ್ಯಾಲ ಆಟ ಮಾಡಿದವರಿಂದ ಅಂಗಡಿಯವರು ಸಾಮಾನ್ಯವಾಗಿ ನೂರಕ್ಕ ಮೂವತ್ತರ ಹತ್ರ ಕಮಿಷನ್ ಹಿಡ್ಕೋತಾರ. ಡಬ್ಬಿಯಾಗ ಉಳಿದ ರೊಕ್ಕ ನಮ್ಮ ಕೈಗೆ ಬರೂದಿಲ್ಲ.

ಆದ್ರ ಗಾಳ್ಯಾಗಿನ ಅಂಗಡಿ ಎಲ್ಲಾ ತುಟ್ಟಿ ಅಂದ್ರ ಅನ್ಯಾಯದ ಮಾತಾಗತೈತಿ. ಸ್ಟೀಮಿನವರು 2015ರಾಗ ನಮ್ಮ ರೂಪಾಯಿಯಾಗ ರೇಟು ಹಾಕಾಕ ಹತ್ತಿದ್ರು. ಎಷ್ಟೋ ಆಟಕ್ಕ ಡಾಲರಿನ ಲೆಕ್ಕಕ್ಕಿಂತ ನಮ್ಮ ದೇಶದ ರೇಟು ಕಡಿಮಿ ಇಟ್ರು. ವರ್ಷದಾಗ ಮೂರು ನಾಕು ಸಲ ದೊಡ್ಡ ರಿಯಾಯಿತಿ ಬರತೈತಿ. ಹಳೇ ಆಟ ಅರ್ಧಕ್ಕ, ಕಾಲು ರೇಟಿಗೆ, ಕೆಲವೊಮ್ಮೆ ಅದಕ್ಕಿಂತ ಕಡಿಮಿಗೆ ಸಿಗತಾವ. ಯುರೋಪಿನ್ಯಾಗ ಈಗ ರೇಟು ಬ್ಯಾರೆ ದಿಕ್ಕಿಗೆ ತಿರಗೈತಿ. 2025ರಾಗ ನಿಂಟೆಂಡೊ ತನ್ನ ಹೊಸ ಸ್ವಿಚ್ 2 ಮಷೀನಿನ ಜೋಡಿ ಬಿಟ್ಟ ಮಾರಿಯೊ ಕಾರ್ಟ್ ಆಟಕ್ಕ ಅಲ್ಲಿ ಇಳಿಸ್ಕೊಂಡ್ರ 80 ಯುರೊ, ಕಾರ್ಡ್ ತಗೊಂಡ್ರ 90 ಯುರೊ ಇಟ್ಟಿತು. ಕೈಯಾಗ ಹಿಡಿಯೋ ಸಾಮಾನು ಬೇಕಂದ್ರ ಹತ್ತು ಯುರೊ ಹೆಚ್ಚಿಗೆ ಕೊಡ್ರಿ ಅಂದಂಗ.

ಈಗ ಮನಿ ಲೆಕ್ಕ ಮಾಡೋಣ. 4,999ಕ್ಕ ಸಿಡಿ ತಗೊಂಡ್ರಿ ಅಂತ ತಿಳೀರಿ. ಹುಡುಗ ಮೂರು ತಿಂಗಳು ಆಡಿ ಮುಗಿಸಿದ, ನೀವು ಅದನ್ನ 2,500ಕ್ಕ ಮಾರಿದ್ರಿ. ನಿಮಗ ಬಿದ್ದದ್ದು 2,499. ಇಳಿಸ್ಕೊಳ್ಳೋ ಆಟ ಆದ್ರ ವರ್ಷೊಪ್ಪತ್ತು ತಡದು ಅರ್ಧ ರೇಟಿನ ರಿಯಾಯಿತಿ ಬಂದಾಗ ತಗೊಂಡ್ರಿ. ನಿಮಗ ಬಿದ್ದದ್ದು ಅಷ್ಟ. ಲೆಕ್ಕ ಸರಿಸಮ. ಒಂದರಾಗ ತ್ರಾಸು ಕಡೀಕ, ಕೊಳ್ಳೋ ಗಿರಾಕಿ ಹುಡುಕಬೇಕು. ಇನ್ನೊಂದರಾಗ ತ್ರಾಸು ಮೊದಲ, ಹುಡುಗನ ಹಟ ತಡಕೋಬೇಕು. ಎರಡೂ ಬಿಟ್ಟು ಬಂದ ದಿನಾನ ಇಳಿಸ್ಕೊಂಡ್ರ ಮಾತ್ರ ಪೂರಾ 4,999 ಹೋತು, ತಿರುಗಿ ಒಂದು ಪೈಸೆ ಬರೂದಿಲ್ಲ. ಎಲ್ಲಾಕಿಂತ ತುಟ್ಟಿ ದಾರಿ ಅದ. ಮಷೀನಿನ ಆ ಹತ್ತು ಸಾವಿರದ ಫರಕಿಗೂ ಇದ ಲೆಕ್ಕ ಹಚ್ಚರಿ. ಮಾರಿದಾಗ ಒಂದೊಂದು ಆಟಕ್ಕ 2,500 ತಿರುಗಿ ಬಂದ್ರ ನಾಕು ಆಟಕ್ಕ ಆ ಸೀಳಿನ ರೊಕ್ಕ ವಸೂಲಿ.

ಮುಳುಗಡಿ ಮಂದಿಗೆ ಹೇಳಬೇಕಾದ ಮಾತು

ರೊಕ್ಕದ ಲೆಕ್ಕ ಇಷ್ಟ. ಆದ್ರ ನಾ ಇದನ್ನ ಬರೀಯಾಕ ಕುಂತದ್ದು ಇನ್ನೊಂದು ಲೆಕ್ಕದ ಸಲುವಾಗಿ.

ನಾವು ಬಾಗಲಕೋಟಿಯವರು ಮುಳುಗಡಿ ಮಂದಿ. 1964ರಾಗ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದ್ರು. ಆಮ್ಯಾಲೆ ಹಿನ್ನೀರು ಬಂದು ಹಳೇ ಊರಿನ ಓಣಿ ಓಣಿ ಖಾಲಿ ಆದ್ವು, ನವನಗರ ಎದ್ದಿತು. ಹುಟ್ಟಿ ಬೆಳದ ಮನಿ ಬಿಡಬೇಕಾತು. ಪರಿಹಾರ ಸಾಲಲಿಲ್ಲ, ತಡಾ ಆತು ಅಂತ ಇವತ್ತಿಗೂ ಮಾತಾಡ್ತೀವಿ. ಆದ್ರೂ ಒಂದು ಮಾತೈತಿ. ಮನಿ ನಮ್ಮದು ಅಂತ ಕಾಗದ ಇತ್ತು, ಹಂಗಾಗಿ ನೋಟೀಸು ಬಂತು, ಅಳತಿ ಆತು, ಪರಿಹಾರ ಕೇಳಾಕ ಹಕ್ಕು ಇತ್ತು. ಬಾಗಲಾ, ಕಿಡಕಿ, ತೊಲಿ ಕಿತ್ಕೊಂಡು ಬಂದ್ವಿ. ನಮ್ಮ ಆಯಿ ಪಗಡಿ ಹಾಸು ಗಂಟಿನ್ಯಾಗ ಕಟ್ಕೊಂಡು ಬಂದಿದ್ಲು, ಇನ್ನೂ ನಮ್ಮ ಕಪಾಟಿನ್ಯಾಗ ಐತಿ.

ಈಗ ಇದನ್ನ ಕೇಳ್ರಿ. 2014ರಾಗ ಯುಬಿಸಾಫ್ಟ್ ಅನ್ನೋ ಕಂಪನಿ ದ ಕ್ರೂ ಅನ್ನೋ ಕಾರು ಓಡಿಸೋ ಆಟ ಬಿಟ್ಟಿತು. ಇಂಟರ್ನೆಟ್ ಇದ್ರ ಅಷ್ಟ ನಡಿಯೋ ಆಟ ಅದು. 2024ರ ಮಾರ್ಚ್ 31ಕ್ಕ ಅದರ ಸರ್ವರ್ ಬಂದ್ ಮಾಡಿದ್ರು. ಅವತ್ತು ರೊಕ್ಕ ಕೊಟ್ಟು ತಗೊಂಡವರಿಗೂ ಅದನ್ನ ಆಡಾಕ ಬರದಂಗಾತು. ಇಳಿಸ್ಕೊಂಡವರು ಹೋಗ್ಲಿ, ಸಿಡಿ ಕೈಯಾಗ ಇದ್ದವರಿಗೂ ಆಡಾಕ ಬರಲಿಲ್ಲ. ಊರ ಮುಳುಗಿತು, ಆದ್ರ ಮನಿ ಕಾಗದ ಯಾರ ಹೆಸರಿನ್ಯಾಗೂ ಇರಲಿಲ್ಲ. ಈ ಸಿಟ್ಟಿನಿಂದನ ಯುರೋಪಿನ್ಯಾಗ ಒಂದು ಚಳವಳಿ ಎದ್ದಿತು. ಮಾರಿದ ಆಟ ಆಡಾಕ ಬರದಂಗ ಮಾಡಬಾರದು ಅಂತ 2025ರ ಜುಲೈ ತಿಂಗಳದಾಗ ಅವರ ಅರ್ಜಿಗೆ ಹತ್ತು ಲಕ್ಷದ ಮ್ಯಾಲ ಸಹಿ ಬಿದ್ದವು.

ಇಳಿಸ್ಕೊಳ್ಳೋ ಆಟಕ್ಕ ನಾವು ಕೊಡೋ ರೊಕ್ಕ ಆಟದ ಕಿಮ್ಮತ್ತು ಅಲ್ಲ, ಆಡಾಕ ಕೊಟ್ಟ ಪರವಾನಗಿ ಕಿಮ್ಮತ್ತು. ಲೈಸೆನ್ಸ್ ಅಂತಾರ ಅದಕ್ಕ. ಬಾಡಗಿ ಮನಿ ಇದ್ದಂಗ ಅದು, ಬಾಡಗಿ ಮಾತ್ರ ಎಲ್ಲಾ ಮೊದಲ ಕಟ್ಟಿಸ್ಕೊಂಡಿರತಾರ, ಎಷ್ಟು ವರ್ಷಕ್ಕ ಅಂತ ಬರದಿರೂದಿಲ್ಲ. ಕೊಳ್ಳರಿ ಅನ್ನೋ ಗುಂಡಿ ಒತ್ತೋ ಜಾಗದಾಗ ಈ ಮಾತು ಹೇಳಲೇಬೇಕು ಅಂತ ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದವರು ಕಾಯ್ದೆ ಮಾಡ್ಯಾರ, 2025ರ ಜನವರಿ 1ರಿಂದ ಜಾರಿ ಆಗೈತಿ. ಸ್ಟೀಮಿನವರು ಅದಕ್ಕಿಂತ ಸ್ವಲ್ಪ ಮೊದಲ, ರೊಕ್ಕ ಕಟ್ಟೋ ಪುಟದಾಗ ಇದು ಲೈಸೆನ್ಸ್ ಅಂತ ಬರಿಯಾಕ ಹತ್ತಿದ್ರು. ಅವರ ಕರಾರಿನ ಪ್ರಕಾರ ಒಬ್ಬರ ಖಾತೆಯನ್ನ ಇನ್ನೊಬ್ಬರಿಗೆ ಮಾರಾಕ, ವರ್ಗಾಯಿಸಾಕ ಬರೂದಿಲ್ಲ.

ಅಂಗಡಿ ಬಂದ್ ಆದಾಗ ಎಲ್ಲಾ ಕಡೆ ಒಂದ ರೀತಿ ಆಗೂದಿಲ್ಲ ಅನ್ನೋದೂ ಹೇಳಬೇಕು. ನಿಂಟೆಂಡೊ ತನ್ನ ಹಳೇ 3ಡಿಎಸ್ ಮತ್ತ ವೀ ಯು ಮಷೀನಿನ ಅಂಗಡಿ 2023ರ ಮಾರ್ಚ್ 27ಕ್ಕ ಮುಚ್ಚಿದಾಗ ಹೊಸ ಆಟ ಕೊಳ್ಳೋದು ನಿಂತಿತು, ಆದ್ರ ಮೊದಲ ತಗೊಂಡಿದ್ದನ್ನ ಮತ್ತ ಇಳಿಸ್ಕೊಳ್ಳಾಕ ಅವಕಾಶ ಇಟ್ರು. ಹಂಗ ಸಿಡಿ ಇದ್ರ ಎಲ್ಲಾ ಕ್ಷೇಮ ಅಂತಾನೂ ಇಲ್ಲ. ಸ್ವಿಚ್ 2ರ ಕೆಲವು ಆಟದ ಕಾರ್ಡಿನ್ಯಾಗ ಆಟನ ಇರೂದಿಲ್ಲ. ಕಾರ್ಡ್ ಹಾಕಿದ ಮ್ಯಾಲ ನೆಟ್ಟಿನಿಂದ ಆಟ ಇಳಿಸ್ಕೋಬೇಕು. ಆದ್ರೂ ಆ ಕಾರ್ಡ್ ಇನ್ನೊಬ್ಬರಿಗೆ ಕೊಡಾಕ, ಮಾರಾಕ ಬರತೈತಿ, ಅಷ್ಟ ಸಮಾಧಾನ.

ಇಳಕಲ್ಲಿನ ನನ್ನ ತಂಗಿ ಮನ್ಯಾಗ ಆದದ್ದು ಕೇಳ್ರಿ. ಅವಳ ದೊಡ್ಡ ಮಗ ಒಂದು ಆಟದ ಅಂಗಡ್ಯಾಗ ಖಾತೆ ತಗದಿದ್ದು ಅವರಪ್ಪನ ಹಳೇ ಸಿಮ್ ನಂಬರಿನಿಂದ. ನಾಕು ವರ್ಷದಾಗ ಹಬ್ಬಕ್ಕೊಂದು, ಹುಟ್ಟಿದ ದಿನಕ್ಕೊಂದು ಅಂತ ಕೂಡಿಸಿದ ಆಟ ಹನ್ನೊಂದು ಸಾವಿರದ್ದು. ನಡುವ ಆ ಸಿಮ್ಮಿಗೆ ರೊಕ್ಕ ಹಾಕದ ಬಂದ್ ಆತು, ನಂಬರು ಬ್ಯಾರೆ ಯಾರಿಗೋ ಹೋತು. ಮೊಬೈಲು ಕೆಟ್ಟು ಹೊಸಾದು ತಗೊಂಡಾಗ ಖಾತೆ ಒಳಗ ಹೋಗಾಕ ಓಟಿಪಿ ಹಳೇ ನಂಬರಿಗ ಹೊಂಟಿತು. ಪತ್ರ ಬರದ್ರು, ಬಿಲ್ಲು ಕಳಿಸಿದ್ರು, ಎರಡು ತಿಂಗಳು ತಿರುಗ್ಯಾಡಿದ್ರೂ ಬಾಗಲಾ ತಗೀಲಿಲ್ಲ. ಆ ಹುಡುಗ ಅತ್ತದ್ದು ರೊಕ್ಕಕ್ಕಲ್ಲ. ತಮ್ಮ ದೊಡ್ಡಾವಾದ ಮ್ಯಾಲ ಇವೆಲ್ಲಾ ಅವಂಗ ಕೊಡ್ತೀನಿ ಅಂತ ಹೇಳಿದ್ನಂತ, ಅದಕ್ಕ. ಅದ ಮನ್ಯಾಗ ಅಟ್ಟದ ಮ್ಯಾಲ ಇದ್ದ ಮೂರು ಸಿಡಿ ಈಗ ತಮ್ಮ ಆಡ್ತಾನ. ಒಂದರ ಡಬ್ಬಿ ಒಡದೈತಿ, ಆಟ ಮಾತ್ರ ನಡೀತೈತಿ.

ಹಂಗಾದ್ರ ಯಾವುದು ತಗೋಬೇಕು?

ನಮ್ಮ ಊರುಗಳ ಪರಿಸ್ಥಿತಿ ನೋಡೇ ಮಾತಾಡಬೇಕು. ಹುನಗುಂದದಾಗ, ಬಾದಾಮ್ಯಾಗ ಇಂಥ ಸಿಡಿ ಇಟ್ಟ ಅಂಗಡಿ ಹುಡುಕಿದ್ರ ಸಿಗೂದು ಕಷ್ಟ. ಹುಬ್ಬಳ್ಳಿಗೆ ಹೋಗಬೇಕು, ಇಲ್ಲಾ ಕೊರಿಯರ್‌ನ್ಯಾಗ ತರಿಸಬೇಕು. ಮಾರಬೇಕಂದ್ರೂ ಗಿರಾಕಿ ದೂರದ ಊರಿನ್ಯಾಗ. 2016ರಾಗ ಜಿಯೋ ಬಂದ ಮ್ಯಾಲ ನೆಟ್ಟು ಸೋವಿ ಆತು, ಮನಿಗೆ ವೈಫೈ ಬಂತು, ಹಳ್ಳಿ ಹುಡುಗಗೂ ಬೆಂಗಳೂರಿನ ಹುಡುಗನ ಜೋಡಿ ಅದ ದಿನ ಅದ ಆಟ ಸಿಗಾಕ ಹತ್ತಿತು. ಇದು ಸಣ್ಣ ಉಪಕಾರ ಅಲ್ಲ. ಆದ್ರ ಒಂದೊಂದು ಆಟ ನೂರು ಜಿಬಿ ಇರತೈತಿ, ಮೊಬೈಲ್ ಡೇಟಾದಾಗ ಇಳಿಸಾಕ ಹೋದ್ರ ದಿನಾನೂ ಪ್ಯಾಕ್ ಮುಗೀತೈತಿ. ಅದನ್ನೂ ಲೆಕ್ಕದಾಗ ಹಿಡೀರಿ.

ನಾ ಮಾಡೋದು ಹಿಂಗ. ಒಮ್ಮೆ ಆಡಿ ಮುಗಿಸೋ ಕಥಿ ಆಟ ಇದ್ರ ಸಿಡಿ ತರಸ್ತೀನಿ. ಮುಗದ ಮ್ಯಾಲ ಮಾರೋದು, ಇಲ್ಲಾ ತಂಗಿ ಮಕ್ಕಳಿಗೆ ಕೊಡೋದು. ತಗೋಳ್ಳೋ ಮೊದಲ ಒಂದು ಮಾತು ಕೇಳ್ತೀನಿ, ನೆಟ್ಟು ಇಲ್ಲದ ಈ ಆಟ ನಡೀತೈತೋ ಇಲ್ಲೋ ಅಂತ. ವರ್ಷಗಟ್ಟಲೆ ದಿನಾ ಅರ್ಧ ತಾಸು ಆಡೋ ಆಟ ಇದ್ರ ಇಳಿಸ್ಕೊಳ್ಳಿ ಅಂತೀನಿ, ಅದೂ ರಿಯಾಯಿತಿ ಬಂದ ಮ್ಯಾಲ. ಖಾತೆ ತಗಿಯೋದು ಮನ್ಯಾಗ ಕಾಯಂ ಇರೋ ನಂಬರಿನಿಂದ, ಕಾಯಂ ಇರೋ ಮೇಲ್ ವಿಳಾಸದಿಂದ. ಪಾಸ್‌ವರ್ಡ್ ರೇಷನ್ ಕಾರ್ಡ್ ಇಡೋ ಫೈಲಿನ್ಯಾಗ ಬರದು ಇಟ್ಟೀನಿ. ಸಿಡಿ ಹಾಕೋ ಮಷೀನೋ, ಹಾಕದ್ದೋ ಅಂತ ಅಂಗಡಿಯಾಂವ ಕೇಳಿದ್ರ, ಮನ್ಯಾಗ ಇಬ್ಬರು ಮೂವರು ಹುಡುಗುರು ಇದ್ದವರು ಹಾಕೋದ ತಗೋರಿ. ಒಂದ ಹುಡುಗ, ಕೊಟ್ಟು ತಗೊಳ್ಳೋ ಗೆಳ್ಯಾರು ಇಲ್ಲ, ರಿಯಾಯಿತಿಗೆ ಕಾಯೋ ತಾಳ್ಮಿ ಐತಿ ಅಂದ್ರ ಇನ್ನೊಂದು ಸಾಕು.

ಹುಡುಗುರಿಗೂ ಈ ಮಾತು ಕೂಡಿಸ್ಕೊಂಡು ಹೇಳ್ರಿ. ಬ್ಯಾಡ ಅಂತ ಬೈಯಬ್ಯಾಡ್ರಿ. ಇದು ನಿನ್ನದಾ, ಇಲ್ಲಾ ಅವರು ಆಡಾಕ ಕೊಟ್ಟದ್ದಾ ಅಂತ ಕೇಳ್ರಿ. ಮನಿ ಕಾಗದ, ಬಂಗಾರದ ಪಾವತಿ, ಹೊಲದ ಉತಾರ ಓದೋ ಮೊದಲ ಅವರು ಓದೋ ಮೊದಲನೇ ಕರಾರು ಇದ ಆಗಿರತೈತಿ. ನನ್ನ ಸಣ್ಣ ಮಗ ಈಗ ಆಟ ಕೇಳಬೇಕಾದ್ರ ತಾನ ಹೇಳ್ತಾನ, "ಅವ್ವಾ, ಇದು ನಮ್ಮದ ಆಗೂದಲ್ಲ, ಬಾಡಗೀದು, ಅದಕ್ಕ ದಸರಿ ರಿಯಾಯಿತಿ ಮಟ ತಡೀತೀನಿ" ಅಂತ.

ನವನಗರದ ವೈನ್ಯಾರ, ನಿಮ್ಮ ಮಗಾ ಕೇಳಿದ ಆಟ ಕಥಿ ಆಟ, ನೆಟ್ಟು ಇಲ್ಲದ ನಡಿಯೋದು ಅಂತ ಹೇಳಿದ್ರಿ. ಸಿಡಿ ತರಸ್ರಿ. ಅವ ಆಡಿ ಮುಗಿಸಿದ ಮ್ಯಾಲ ಮಾರೂದಿದ್ರ ಮೊದಲ ನಮಗ ಹೇಳ್ರಿ, ನಮ್ಮ ಹುಡುಗುರೂ ಕೇಳಾಕ ಹತ್ಯಾರ.